ಸಸಿ ನೆಟ್ಟಿದ್ದಾಯ್ತು, ಕರೆಂಟ್ ಯೂನಿಟ್ ಮಾತ್ರ ಇಳೀತಿಲ್ಲ

ಪ್ರಶ್ನೆ: ಸರ್, ನಾನು ಯೂನಿವರ್ಸಿಟಿಲಿ ಗೆಸ್ಟ್ ಲೆಕ್ಚರರ್, ಎಕೋ ಕ್ಲಬ್ಬೂ ನನ್ ತಲೆಗೇ ಕಟ್ಟಿದಾರೆ. ಪ್ರತಿ ಜೂನ್ 5ಕ್ಕೆ ಸಸಿ ನೆಡ್ತೀವಿ, ಬಲ್ಬೆಲ್ಲ ಎಲ್‌ಇಡಿ ಆಯ್ತು, ಆದ್ರೂ ಕರೆಂಟ್ ಖರ್ಚು ಏರ್ತಾನೇ ಇದೆ. ವರ್ಕ್‌ಶಾಪ್ ಒಂದ್ರಲ್ಲಿ ‘ಸಿಸ್ಟಮ್ಸ್ ಥಿಂಕಿಂಗ್ ಮಾಡಿ’ ಅಂತ ಚಾರ್ಟ್ ತುಂಬ ಬಾಣ ಬರೆಸಿ ಕಳಿಸಿದ್ರು. ಅದ್ರಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗುತ್ತೆ, ಆದ್ರೆ ಚಾರ್ಟ್ ಸದ್ಯಕ್ಕೆ ಪಕ್ಕಕ್ಕಿಡಿ. ಸಿಸ್ಟಮ್ಸ್ ಥಿಂಕಿಂಗ್ ಅಂದ್ರೆ ಒಂದೊಂದನ್ನೇ ಬಿಡಿಯಾಗಿ ನೋಡ್ದೆ, ಯಾವ್ದು ಯಾವ್ದಕ್ಕೆ ತಗಲ್ಕೊಂಡಿದೆ ಅಂತ ಒಟ್ಟಿಗೆ ನೋಡೋದು, ಅಷ್ಟೇ. ಮೊದ್ಲು ಕರೆಂಟ್ ಬಿಲ್ ಎಲ್ಲಿಗ್ ಹೋಗುತ್ತೆ ನೋಡಿ. ಸಾಮಾನ್ಯವಾಗಿ ಇಡೀ ಕ್ಯಾಂಪಸ್‌ಗೆ ಒಂದೇ ಬಿಲ್ಲು, ಅದು ಸೀದಾ ಫೈನಾನ್ಸ್ ಆಫೀಸರ್ ಟೇಬಲ್‌ಗೆ, ಅಲ್ಲಿಂದ ಬ್ಯಾಂಕಿಗೆ, ಇತ್ಲಾಗೆ ಎಸಿ ಹಾಕ್ಕೊಂಡು ಬಾಗಿಲು ತೆಗೆದಿಟ್ಟಿರೋ ಡಿಪಾರ್ಟ್‌ಮೆಂಟಿನವ್ರು ಆ ಬಿಲ್ಲಿನ ಮುಖಾನೂ ನೋಡಿರಲ್ಲ. ಎಲ್‌ಇಡಿಲಿ ಉಳಿದಿದ್ದನ್ನ ಹೊಸ ಎಸಿ ನುಂಗುತ್ತೆ, ಕೇಳೋರಿಲ್ಲ.

ಸಿಸ್ಟಮ್ಸ್ ಥಿಂಕಿಂಗ್ ವಿಷಯದಲ್ಲಿ ದೊಡ್ಡ ಹೆಸರು ಅಮೆರಿಕದ ಡೊನೆಲ್ಲಾ ಮೆಡೋಸ್. ಅವ್ರು ಹೇಳೋ ಪ್ರಸಂಗ ಒಂದಿದೆ, ಆಮ್‌ಸ್ಟರ್‌ಡ್ಯಾಮ್ ಹತ್ರ ಒಂದೇ ಥರದ ಮನೆಗಳು, ಕೆಲವುಕ್ಕೆ ಮೀಟರ್ ನೆಲಮಾಳಿಗೆಲಿ, ಕೆಲವುಕ್ಕೆ ಮುಂಬಾಗಿಲ ಹತ್ರ, ಓಡಾಡ್ತಾ ಕಾಣೋ ಹಾಗೆ. ಕಣ್ಣಿಗೆ ಕಾಣೋ ಮನೆಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕರೆಂಟ್ ಕಮ್ಮಿ ಖರ್ಚಾಗ್ತಿತ್ತಂತೆ. ಭಾಷಣ ಇಲ್ಲ, ದಂಡ ಇಲ್ಲ.

ಆದ್ರೆ ಯೂನಿವರ್ಸಿಟಿಲಿ ಬರೀ ಕಂಡ್ರೆ ಸಾಲಲ್ಲ, ಯಾಕಂದ್ರೆ ದುಡ್ಡು ಯಾರ ಜೇಬಿಂದೂ ಅಲ್ವಲ್ಲ. ಅಮೆರಿಕದ ಯೇಲ್ ಯೂನಿವರ್ಸಿಟಿಯವ್ರು ಇದನ್ನ ಪರೀಕ್ಷೆ ಮಾಡೇ ನೋಡಿದ್ರು. ಮುಂದೆ 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಂಡ ವಿಲಿಯಂ ನೋರ್ಡ್‌ಹೌಸ್ ಅಧ್ಯಕ್ಷತೆಲಿ ಒಂದು ಸಮಿತಿ, ಆಮೇಲೆ 2015ರಲ್ಲಿ 20 ಕಟ್ಟಡಗಳಲ್ಲಿ ಪ್ರಯೋಗ. ಕೆಲವುಕ್ಕೆ ಬರೀ ಬಳಕೆ ಲೆಕ್ಕದ ರಿಪೋರ್ಟ್ ಕೊಟ್ರು, ಉಳಿದವುಕ್ಕೆ ಅವ್ರ ಕರೆಂಟ್, ಇಂಧನ ಬಳಕೆಯಿಂದ ಹೊರಬೀಳೋ ಕಾರ್ಬನ್ ಡೈಆಕ್ಸೈಡ್‌ಗೆ ಟನ್ನಿಗೆ 40 ಡಾಲರ್ ರೇಟು. ರೇಟು ಕಟ್ಟಿದ ಕಡೇನೇ ಜಾಸ್ತಿ ಉಳಿತಾಯ ಆಯ್ತು. 2017ರಲ್ಲಿ ಅದನ್ನ 250ಕ್ಕೂ ಜಾಸ್ತಿ ಕಟ್ಟಡಗಳಿಗೆ ಹಾಕಿದ್ರು. ಇದ್ರಲ್ಲಿ ನಂಗೆ ಇಷ್ಟ ಆಗಿದ್ದು ದುಡ್ಡು ಸುತ್ತೋ ರೀತಿ, ಪ್ರತಿ ವಿಭಾಗಾನೂ ತನ್ನ ಹಳೇ ಬಳಕೆಗೇ ಹೋಲಿಸ್ತಿದ್ರು, ಒಟ್ಟು ಯೂನಿವರ್ಸಿಟಿಗಿಂತ ಚೆನ್ನಾಗಿ ಇಳಿಸಿದವ್ರಿಗೆ ದುಡ್ಡು ವಾಪಸ್ಸು, ಹಿಂದೆ ಬಿದ್ದವ್ರು ಕಟ್ಬೇಕಿತ್ತು. ಹಂಗಾಗಿ ದೊಡ್ಡ ಲ್ಯಾಬ್ ಇರೋವ್ರು ‘ನಮ್ದು ಜಾಸ್ತಿ ಬರೋದೇ ಸ್ವಾಮಿ’ ಅಂತ ತಪ್ಪಿಸ್ಕೊಳ್ಳೋ ಹಾಗಿರ್ಲಿಲ್ಲ.

ನಮ್ಮಲ್ಲಿ ಇದು ಮುರ್ಕೊಳ್ಳೋದು ಮಾರ್ಚ್ ತಿಂಗಳಲ್ಲಿ. ಗ್ರಾಂಟ್ ಉಳಿಸಿದ್ರೆ ಲ್ಯಾಪ್ಸ್ ಆಗುತ್ತೆ, ಮುಂದಿನ ವರ್ಷ ಕಮ್ಮಿನೂ ಮಾಡ್ತಾರೆ, ಅಂದ್ಮೇಲೆ ಉಳಿಸೋನೇ ಪೆದ್ದ! ಈ ನಿಯಮ ಹಂಗೇ ಇಟ್ಕೊಂಡು ಪೋಸ್ಟರ್ ಎಷ್ಟ್ ಅಂಟಿಸಿದ್ರೂ ಗೋಡೆ ಹಾಳು ಅಷ್ಟೇ.

ಹಾಗಾಗಿ ಎಲೆಕ್ಟ್ರಿಕಲ್ ಸೆಕ್ಷನ್ ಎಂಜಿನಿಯರ್ನೂ ಫೈನಾನ್ಸ್ ಆಫೀಸರ್ನೂ ಒಂದೇ ಮೀಟಿಂಗಲ್ಲಿ ಕೂರ್ಸಿ. ಮೂರ್ನಾಕು ಕಟ್ಟಡಕ್ಕಾದ್ರೂ ಸಬ್ ಮೀಟರ್, ಅಂದ್ರೆ ಆ ಕಟ್ಟಡದ ಬಳಕೆ ಮಾತ್ರ ತೋರ್ಸೋ ಬೇರೆ ಮೀಟರ್ ಹಾಕಿಸಿ, ಒಂದು ಹಾಸ್ಟೆಲ್, ಒಂದು ಲ್ಯಾಬ್ ಇರ್ಲೇಬೇಕು. ಕರೆಂಟ್ ಬಿಲ್ಲಲ್ಲಿ ಉಳಿತಾಯ ಆದ ದುಡ್ಡಲ್ಲಿ ಅರ್ಧ ಆ ವಿಭಾಗಕ್ಕೇ ಅಂತ ರಿಜಿಸ್ಟ್ರಾರ್ ಕೈಲಿ ಒಂದು ಸರ್ಕ್ಯುಲರ್ ಬರೆಸ್ಕೊಳ್ಳಿ, ಬಾಯ್ಮಾತು ನಂಬಬೇಡಿ. ಮತ್ತೆ ರೀಡಿಂಗ್‌ನ ಹಿಂದಿನ ತಿಂಗಳಿಗೆ ಹೋಲಿಸಬೇಡಿ, ರಜೆ ಬಂದ್ರೆ ಸುಮ್ನೆ ಇಳಿದಂಗೆ ಕಾಣುತ್ತೆ, ಹೋದ ವರ್ಷದ ಅದೇ ತಿಂಗಳ ಜೊತೆ ಇಟ್ಟು ನೋಡಿ.