ಬಾಡಿಗೆ ಮನೆ ಬಿಡುವಾಗ: ಕೊಳೆ ಯಾವುದು, ಸವೆತ ಯಾವುದು?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿ ಐದು ವರ್ಷಗಳಿಂದ ಬಾಡಿಗೆಗಿದ್ದೇವೆ. ತಿಂಗಳ ಬಾಡಿಗೆ 18,000 ರೂಪಾಯಿ, ಕೊಟ್ಟಿರುವ ಅಡ್ವಾನ್ಸ್ 1,50,000 ರೂಪಾಯಿ. ಮುಂದಿನ ತಿಂಗಳು ಮನೆ ಖಾಲಿ ಮಾಡುತ್ತಿದ್ದೇವೆ. ಬಣ್ಣ ಹೊಡೆಸಲು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಮಾತು ಕರಾರಿನಲ್ಲೇ ಇದೆ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬಚ್ಚಲುಮನೆಯ ಟೈಲ್ಸ್ ಮೇಲೆ ಬಿಳಿ ಕಲೆ, ಅಡುಗೆಮನೆಯಲ್ಲಿ ಜಿಡ್ಡು, ಗೋಡೆಗಳ ಮೇಲೆ ಕೊಳಕು ಎಂದು ಮಾಲೀಕರು ಈಗ ಬೇರೆಯಾಗಿ 12,000 ರೂಪಾಯಿ ಹಿಡಿಯುವುದಾಗಿ ಹೇಳುತ್ತಿದ್ದಾರೆ. ನಾವೇ ಸ್ವಚ್ಛ ಮಾಡಿ ಕೊಟ್ಟರೆ ಸಾಲದೇ?
– ಗೃಹಿಣಿ, ವಿಜಯನಗರ

ಉತ್ತರ: ಸಾಕು, ಮತ್ತು ನೀವೇ ಮಾಡಿ ಕೊಡುವುದು ಒಳ್ಳೆಯದು. ಆದರೆ ಪೊರಕೆ ಹಿಡಿಯುವ ಮೊದಲು ಒಂದು ಕಾಗದ ಹಿಡಿದು ಮನೆಯೆಲ್ಲ ಸುತ್ತಿ, ಕಣ್ಣಿಗೆ ಬಿದ್ದ ಪ್ರತಿಯೊಂದು ಕಲೆಯನ್ನೂ ಇದು ಕೊಳೆಯೋ ಸವೆತವೋ ಎಂದು ಬೇರೆ ಮಾಡಿ ಬರೆದುಕೊಳ್ಳಿ. ಕೊಳೆ ನಿಮ್ಮದು, ಅದನ್ನು ತೆಗೆಯುವ ಹೊಣೆಯೂ ನಿಮ್ಮದು. ಐದು ವರ್ಷ ಜನ ಬಾಳಿದ ಮನೆಯಲ್ಲಿ ಬಾಗಿಲ ಹಿಡಿಕೆಯ ಹೊಳಪು ಮಾಸುವುದು, ಬಿಸಿಲು ಬೀಳುವ ಗೋಡೆಯ ಬಣ್ಣ ತೆಳುವಾಗುವುದು, ನಲ್ಲಿಯ ವಾಷರ್ ಸವೆಯುವುದು ಕಾಲದ ಕೆಲಸ. ಮಾಲೀಕರು ತಿಂಗಳು ತಿಂಗಳೂ ಪಡೆದ ಬಾಡಿಗೆಯಲ್ಲಿ ಅದರ ಬೆಲೆ ಸೇರಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನಿನ ಮಾತೂ ಇದಕ್ಕೆ ಹತ್ತಿರವೇ ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ನಿಮ್ಮಂಥವರಿಗೆ ಆಧಾರವಾಗುವುದು ನೀವು ಸಹಿ ಮಾಡಿದ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬಾಡಿಗೆದಾರರು ಮನೆಯನ್ನು ತಾವು ಪಡೆದಾಗ ಇದ್ದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಆದರೆ ಸಹಜ ಬಳಕೆಯಿಂದಾದ ಸವೆತಕ್ಕೆ ಅವರು ಹೊಣೆಯಲ್ಲ ಎಂದು ಆ ಕಾಯ್ದೆಯ 108ನೇ ಕಲಮು ಹೇಳುತ್ತದೆ. ಕರಾರಿನಲ್ಲಿ ಬೇರೆ ರೀತಿ ಒಪ್ಪಿದ್ದರೆ ಆ ಒಪ್ಪಂದ ನಡೆಯುತ್ತದೆ. ಬಣ್ಣದ ಹಣ ಅಂಥ ಒಪ್ಪಂದ, ಕೊಟ್ಟುಬಿಡಿ. ಆದರೆ ಹೊಸ ಬಣ್ಣ ಬೀಳಲಿರುವ ಗೋಡೆಯ ಕೊಳೆಗೆಂದು ಮತ್ತೊಮ್ಮೆ ಹಣ ಕೇಳುವುದು ಒಂದೇ ಕೆಲಸಕ್ಕೆ ಎರಡು ಸಲ ಕೂಲಿ ಪಡೆದಂತೆ. ಇದನ್ನು ಮಾಲೀಕರಿಗೆ ಸಮಾಧಾನದಿಂದ, ಸಾಧ್ಯವಾದರೆ ವಾಟ್ಸ್ಆ್ಯಪ್‌ನಲ್ಲಿ ಬರೆದೇ ತಿಳಿಸಿ.

ಇನ್ನು ಟೈಲ್ಸ್ ಮೇಲಿನ ಬಿಳಿ ಕಲೆ. ಇದು ಬೋರ್‌ವೆಲ್ ನೀರಿನ ಗುರುತು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ಪದರ ಪದರವಾಗಿ ಉಳಿದುಬಿಡುತ್ತವೆ. ಸೋಪಿನ ನೀರಿನಲ್ಲಿ ಎಷ್ಟು ಉಜ್ಜಿದರೂ ಈ ಪದರ ಜಗ್ಗುವುದಿಲ್ಲ, ಅದನ್ನು ಕರಗಿಸುವುದು ಹುಳಿ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ಒಂದು ದೊಡ್ಡ ಚಮಚೆಯಷ್ಟನ್ನು ಅರ್ಧ ಲೀಟರ್ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಹಳೆಯ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ ಟೈಲ್ಸ್ ಮೇಲೆ ಹರಡಿ, ಕಾಲು ಗಂಟೆ ಬಿಟ್ಟು ಉಜ್ಜಿ, ಬಳಿಕ ಧಾರಾಳವಾಗಿ ನೀರು ಸುರಿಯಿರಿ. ನಲ್ಲಿಗಳಿಗೂ ಇದೇ ಉಪಾಯ. ಬಟ್ಟೆಯನ್ನು ನಲ್ಲಿಗೆ ಸುತ್ತಿ ಕಾಲು ಗಂಟೆಯ ನಂತರ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನು ತಿಕ್ಕಿದರೆ ಬಿಳಿ ಹೊಪ್ಪಳಿಕೆ ಎದ್ದು ಬರುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಮರುದಿನ ಮತ್ತೊಮ್ಮೆ ಮಾಡಿ. ಅವಸರಕ್ಕೆ ಬಿದ್ದು ಬಾಟಲಿ ಆಸಿಡ್ ಸುರಿಯಬೇಡಿ, ಅದು ಟೈಲ್ಸ್ ನಡುವಿನ ಸಿಮೆಂಟನ್ನೂ ನಲ್ಲಿಯ ಕ್ರೋಮ್ ಹೊಳಪನ್ನೂ ತಿನ್ನುತ್ತದೆ, ಆಗ ತೆಗೆಯಬಹುದಾಗಿದ್ದ ಕೊಳೆಯ ಜಾಗದಲ್ಲಿ ನಿಜವಾದ ಹಾನಿ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಮೋಡ್ ತೊಳೆಯುವ ಆಸಿಡ್ ದ್ರಾವಣವನ್ನೂ ಬ್ಲೀಚಿಂಗ್ ಪೌಡರನ್ನೂ ಎಂದೂ ಕೂಡಿಸಬೇಡಿ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಅಡುಗೆಮನೆಗೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಒಲೆಯ ಹಿಂದಿನ ಗೋಡೆಯನ್ನು ಹತ್ತಿರದಿಂದ ನೋಡಿದರೆ ಒಗ್ಗರಣೆಯಿಂದ ಸಿಡಿದ ಸಾಸಿವೆ ಕಾಳುಗಳು ಕಂದು ಜಿಡ್ಡಿನಲ್ಲಿ ಹೂತು ಕುಳಿತಿರುವುದು ಕಾಣುತ್ತದೆ. ಜಿಡ್ಡಿಗೆ ಹುಳಿ ಕೆಲಸ ಮಾಡದು, ಬಿಸಿನೀರು ಮತ್ತು ವಾಷಿಂಗ್ ಸೋಡಾ ಬೇಕು. ಕೈಗವಸು ಹಾಕಿಕೊಂಡು, ಬಿಸಿ ಸೋಡಾ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಟೈಲ್ಸ್ ಮೇಲೆ ಹತ್ತು ನಿಮಿಷ ಒತ್ತಿಟ್ಟರೆ ಜಿಡ್ಡು ಸಡಿಲಗೊಳ್ಳುತ್ತದೆ. ಚಿಮಣಿಯ ಜಾಲರಿ ಸ್ಟೀಲಿನದಾದರೆ ಅದನ್ನೂ ಸೋಡಾ ನೀರಿನಲ್ಲಿ ನೆನೆಸಬಹುದು. ಅಲ್ಯುಮಿನಿಯಂ ಜಾಲರಿಯಾದರೆ ಸೋಡಾ ಅದನ್ನು ಕಪ್ಪಾಗಿಸುತ್ತದೆ, ಪಾತ್ರೆ ತೊಳೆಯುವ ದ್ರಾವಣ ಹಾಕಿದ ಬಿಸಿನೀರೇ ಸಾಕು. ಎಕ್ಸಾಸ್ಟ್ ಫ್ಯಾನ್ ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ. ಕಟ್ಟೆಯ ಕಲ್ಲು ಯಾವುದೆಂದೂ ನೋಡಿಕೊಳ್ಳಿ. ಗ್ರಾನೈಟ್ ಆದರೆ ಚಿಂತೆಯಿಲ್ಲ, ಕಡಪ ಕಲ್ಲಾದರೆ ಅದು ಸುಣ್ಣದ ಕಲ್ಲಿನ ಜಾತಿ, ನಿಂಬೆ ರಸವಾಗಲಿ ವಿನೆಗರ್ ಆಗಲಿ ಬಿದ್ದಲ್ಲಿ ಮಸುಕು ಮಚ್ಚೆ ಏಳುತ್ತದೆ. ಮುಂದೆ ಬರುವ ಕುಟುಂಬ ಮೊದಲು ಹಾಲು ಉಕ್ಕಿಸುವುದು ಆ ಕಟ್ಟೆಯ ಮೇಲೆಯೇ ಆದ್ದರಿಂದ, ಮನೆಯಲ್ಲಿ ಯಾವ ಮೂಲೆ ಬಿಟ್ಟರೂ ಅದನ್ನು ಮಾತ್ರ ಅರೆಬರೆ ಬಿಡಬಾರದು ಎನ್ನುವುದು ನನ್ನ ಆಗ್ರಹ.

ಗೋಡೆಗಳಿಗೆ ಹೆಚ್ಚು ಶ್ರಮ ಬೇಡ. ಮೊಳೆ ಕಿತ್ತ ತೂತುಗಳಿಗೆ ವಾಲ್ ಪುಟ್ಟಿ ತುಂಬಿ, ದೇವರ ಗೂಡಿನ ದೀಪದ ಮಸಿಯನ್ನು ಒಣಬಟ್ಟೆಯಿಂದ ಒರೆಸಿ. ಡಿಸ್ಟೆಂಪರ್ ಗೋಡೆಗೆ ಒದ್ದೆ ಬಟ್ಟೆ ತಾಗಿಸಿದರೆ ಬಣ್ಣವೇ ಕಿತ್ತು ಬರುತ್ತದೆ. ನೀರು ಜಿನುಗಿ ಬೂಷ್ಟು ಬಂದ ಗೋಡೆ ನಿಮ್ಮ ಲೆಕ್ಕಕ್ಕೆ ಸೇರದು, ಅದರ ಚಿತ್ರ ತೆಗೆದಿಟ್ಟುಕೊಳ್ಳಿ.

ಸಾಮಾನು ಲಾರಿಗೆ ಏರಿದ ಮೇಲೆ ಕೊನೆಯ ಸುತ್ತು ಮಾಡಬೇಕಾಗುತ್ತದೆ. ಬೀರು, ಫ್ರಿಜ್ ಇದ್ದ ಜಾಗದ ಧೂಳು ಆಗಲೇ ಕಣ್ಣಿಗೆ ಬೀಳುವುದು. ಆದ್ದರಿಂದ ಪೊರಕೆ, ಬಕೆಟ್, ನೆಲ ಒರೆಸುವ ಬಟ್ಟೆ ಇವುಗಳನ್ನು ಮಾತ್ರ ಲಾರಿಗೆ ಹಾಕದೆ ಉಳಿಸಿಕೊಳ್ಳಿ. ಸಜ್ಜೆಯಿಂದ ತೊಡಗಿ ಫ್ಯಾನು, ಕಿಟಕಿ, ಕೊನೆಗೆ ನೆಲ, ಹೀಗೆ ಮೇಲಿನಿಂದ ಕೆಳಕ್ಕೆ ಬನ್ನಿ. ಆಮೇಲೆ ಹಗಲು ಬೆಳಕಿನಲ್ಲೇ ಮಾಲೀಕರನ್ನು ಕರೆದು ಕೋಣೆ ಕೋಣೆ ತೋರಿಸಿ, ವಿದ್ಯುತ್ ಮೀಟರಿನ ಅಂಕಿಯ ಚಿತ್ರ ಇಬ್ಬರ ಫೋನಿನಲ್ಲೂ ಇರಲಿ. ಬೀಗದ ಕೈ ಕೊಡುವುದು ಮತ್ತು ಅಡ್ವಾನ್ಸ್ ಹಿಂಪಡೆಯುವುದು ಒಂದೇ ಹೊತ್ತಿನಲ್ಲಿ ನಡೆಯುವಂತೆ ಮೊದಲೇ ಮಾತಾಡಿಕೊಳ್ಳಿ. ಏನನ್ನಾದರೂ ಮುರಿದುಕೊಂಡರೆ ಯಾವುದಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ.

ಪ್ರಶ್ನೆ: ನಾವಿರುವ ಹಳೆಯ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ, ಹಜಾರದಲ್ಲಿ ಮೊಸಾಯಿಕ್. ಬಿಟ್ಟು ಹೋಗುವ ಮುನ್ನ ಆಸಿಡ್ ಹಾಕಿ ತೊಳೆದರೆ ಹೊಸದರಂತೆ ಹೊಳೆಯುತ್ತದೆ ಎಂದು ಸ್ವಚ್ಛ ಮಾಡುವವರು ಹೇಳುತ್ತಿದ್ದಾರೆ. ಮಾಡಿಸಬಹುದೇ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ದಯವಿಟ್ಟು ಮಾಡಿಸಬೇಡಿ. ಕೆಂಪು ನೆಲದ ಜೀವ ಸಿಮೆಂಟಿನಲ್ಲಿದೆ, ಮೊಸಾಯಿಕ್‌ನಲ್ಲಿ ಸಿಮೆಂಟಿನ ಜೊತೆಗೆ ಅಮೃತಶಿಲೆಯ ಚೂರುಗಳೂ ಇವೆ, ಆಸಿಡ್ ಎರಡನ್ನೂ ತಿನ್ನುತ್ತದೆ. ಅಂದು ಬೆಳ್ಳಗೆ ಕಂಡರೂ ಆರಿದ ಮೇಲೆ ನೆಲ ಒರಟಾಗಿ, ಮುಂದೆ ಕೊಳೆಯನ್ನು ಇನ್ನಷ್ಟು ಹೀರುತ್ತದೆ. ಸೌಮ್ಯವಾದ ಸೋಪಿನ ನೀರಿನಲ್ಲಿ ಎರಡು ಸಲ ಒರೆಸಿ, ಬರಿಯ ನೀರಿನಲ್ಲಿ ಮತ್ತೊಮ್ಮೆ ಒರೆಸಿ ಚೆನ್ನಾಗಿ ಒಣಗಲು ಬಿಡಿ. ಬಳಿಕ ಕೆಂಪು ನೆಲಕ್ಕೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಹಚ್ಚಿದ ಬಟ್ಟೆಯನ್ನು ಒತ್ತಿ ಉಜ್ಜಿದರೆ ಸಾಕು. ಹೆಚ್ಚು ಹಚ್ಚಿದರೆ ಕಾಲು ಜಾರುತ್ತದೆ, ನಿಮ್ಮ ವಯಸ್ಸಿನಲ್ಲಿ ಅದರ ಬಗ್ಗೆ ವಿಶೇಷ ಎಚ್ಚರ ಇರಲಿ. ದಶಕಗಳಿಂದ ನಡೆದಾಡಿದ ದಾರಿಯಲ್ಲಿ ಬಣ್ಣ ತಿಳಿಯಾಗಿದ್ದರೆ ಅದು ಸವೆತವೇ, ನೀವು ಅದನ್ನು ಮರೆಮಾಚಬೇಕಾಗಿಲ್ಲ.

ಪ್ರಶ್ನೆ: ಮನೆ ಬಿಡುವಾಗ ಉಳಿಯುವ ಹಳೆಯ ಹಾಸಿಗೆ, ಕೆಟ್ಟ ಮಿಕ್ಸಿ, ಖಾಲಿ ಡಬ್ಬಗಳನ್ನು ಮಾಲೀಕರಿಗೇ ಬಿಟ್ಟು ಹೋಗಬಹುದೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅವರನ್ನು ಕೇಳದೆ ಬಿಡಬಾರದು, ಪಕ್ಕದ ಖಾಲಿ ಸೈಟಿಗೆ ಎಸೆಯಲೂ ಬಾರದು. ಡಬ್ಬ, ಪತ್ರಿಕೆಗಳನ್ನು ಗುಜರಿಯವರು ಕೊಳ್ಳುತ್ತಾರೆ. ಮಿಕ್ಸಿಯನ್ನು ಇ-ತ್ಯಾಜ್ಯ ಪಡೆಯುವ ಕಡೆಗೆ ಕೊಡಿ. ಹಾಸಿಗೆಯನ್ನು ಕಸದ ಗಾಡಿಯವರು ಸಾಮಾನ್ಯವಾಗಿ ಒಯ್ಯುವುದಿಲ್ಲವಾದ್ದರಿಂದ ಒಂದು ವಾರ ಮೊದಲೇ ಪಾಲಿಕೆಯ ವಾರ್ಡ್ ಕಚೇರಿಯಲ್ಲಿ ವಿಚಾರಿಸಿ ವ್ಯವಸ್ಥೆ ಮಾಡಿಕೊಳ್ಳಿ.