ಗ್ರಾಫ್ ಸರಿಯಾಗಿ ಎಳೆಯುವ ಮಕ್ಕಳು ಅದನ್ನು ಓದುವಾಗ ಯಾಕೆ ತಪ್ಪುತ್ತಾರೆ?

ಒಂಬತ್ತನೇ ತರಗತಿಯ ಮಗಳು ಬಿಂದು ಗುರುತಿಸಿ ಗೆರೆ ಎಳೆಯುವುದರಲ್ಲಿ ಗಟ್ಟಿ, ಆದರೆ ‘ಯಾವುದರ ವೇಗ ಹೆಚ್ಚು’ ಅಂದರೆ ತಡವರಿಸುತ್ತಾಳೆ ಅಂದಿದ್ದೀರಿ. ಇದು ದಡ್ಡತನವಲ್ಲ. ಎಳೆಯುವುದೇ ಬೇರೆ, ಓದುವುದೇ ಬೇರೆ.

ಈ ಲೆಕ್ಕ ಕೊಟ್ಟು ನೋಡಿ. ಸ್ಥಾನ–ಕಾಲದ ಗ್ರಾಫಿನಲ್ಲಿ (ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ಸ್ಥಾನ) ಎರಡು ಸೈಕಲ್. ಮೊದಲನೆಯದು ಶುರುವಿನಲ್ಲೇ 20 ಮೀಟರ್ ಮುಂದಿದ್ದು, 10ನೇ ಸೆಕೆಂಡಿಗೆ 40 ಮೀಟರ್ ಮುಟ್ಟುತ್ತದೆ. ಎರಡನೆಯದು ಸೊನ್ನೆಯಿಂದ ಹೊರಟು ಅದೇ ಹೊತ್ತಿಗೆ 40 ಮೀಟರ್ ಮುಟ್ಟುತ್ತದೆ. ಎರಡೂ ನೇರ ಗೆರೆಗಳೇ. 5ನೇ ಸೆಕೆಂಡಿನಲ್ಲಿ ಯಾವುದರ ವೇಗ ಹೆಚ್ಚು? ಮೊದಲನೆಯದರ ಗೆರೆ ಮೇಲಿದೆ, ಹಾಗಾಗಿ ಅದೇ ಅಂತಾರೆ ಮಕ್ಕಳು. ವೇಗ ಸಮವಾಗುವುದು ಯಾವಾಗ? ಗೆರೆಗಳು ಕೂಡುವ 10ನೇ ಸೆಕೆಂಡಿನಲ್ಲಿ ಅಂತಾರೆ. ಆದರೆ ಅಲ್ಲಿ ಸಮವಾಗುವುದು ಸ್ಥಾನ. ವೇಗ ಇರುವುದು ಗೆರೆಯ ಓರೆಯಲ್ಲಿ, ಎತ್ತರದಲ್ಲಲ್ಲ. ಮೊದಲನೆಯದು 20 ಮೀಟರ್‌ಗೆ 10 ಸೆಕೆಂಡ್, ಅಂದರೆ ಸೆಕೆಂಡಿಗೆ 2 ಮೀಟರ್. ಎರಡನೆಯದು 4 ಮೀಟರ್. ಇವು ಯಾವತ್ತೂ ಸಮವಾಗುವುದಿಲ್ಲ.

ಮಜಾ ಅಂದರೆ, ಇಲ್ಲಿ ಒಂದು ತಪ್ಪು ಇನ್ನೊಂದಕ್ಕೆ ಸಾಕ್ಷಿ ಹೇಳುತ್ತದೆ. ಶುರುವಿನ 20 ಮೀಟರ್ ಕಳೆಯದೆ 40ನ್ನು 10ರಿಂದ ಭಾಗಿಸಿದರೆ ಮೊದಲನೆಯದಕ್ಕೂ 4 ಬರುತ್ತದೆ. ‘ನೋಡಿ, 10ನೇ ಸೆಕೆಂಡಿನಲ್ಲಿ ಸಮ’ ಅಂತ ಮಗುವಿಗೆ ಲೆಕ್ಕವೇ ಧೈರ್ಯ ಕೊಡುತ್ತದೆ. ‘ಎಷ್ಟಿತ್ತು, ಎಷ್ಟಾಯಿತು’ ಅಂತ ಎರಡು ಬಿಂದುಗಳನ್ನೂ ಬರೆಸದೆ ಭಾಗಾಕಾರಕ್ಕೆ ಬಿಡಬೇಡಿ.

ಇನ್ನೊಂದು ತಪ್ಪು, ಗ್ರಾಫನ್ನು ಚಿತ್ರ ಅಂದುಕೊಳ್ಳುವುದು. ಅಂಗಡಿಗೆ ಹೋಗಿ, ನಿಂತು, ಮನೆಗೆ ವಾಪಸ್ಸಾದವನ ಸ್ಥಾನ–ಕಾಲದ ಗೆರೆ ಏರಿ, ಮಟ್ಟಸವಾಗಿ, ಇಳಿಯುತ್ತದೆ. ಮಕ್ಕಳು ಗುಡ್ಡ ಹತ್ತಿ ಇಳಿದ ಅಂತ ಓದುತ್ತಾರೆ. ಊರಿನ ದಾರಿ ತೋರಿಸುವುದಕ್ಕೂ ಗ್ರಾಫಿಗೂ ಕನ್ನಡದಲ್ಲಿ ‘ನಕ್ಷೆ’ ಎಂಬ ಒಂದೇ ಮಾತಿರುವುದು ಈ ಗೊಂದಲಕ್ಕೆ ಇನ್ನಷ್ಟು ಇಂಬು ಕೊಡುತ್ತದೆ ಎಂಬುದು ನನ್ನ ಅನುಮಾನ.

ಇದಕ್ಕೆ ರಟ್ಟಿನ ಮದ್ದಿದೆ. ಒಂದು ದಪ್ಪ ಹಾಳೆಯಲ್ಲಿ 3 ಮಿಲಿಮೀಟರ್ ಅಗಲದ ಉದ್ದ ಸೀಳು ಕತ್ತರಿಸಿ, ಗ್ರಾಫಿನ ಮೇಲೆ ಸೀಳು ನೆಟ್ಟಗೆ ನಿಲ್ಲುವಂತಿಟ್ಟು, ಎಡದಿಂದ ಬಲಕ್ಕೆ ಒಂದೇ ಸಮನೆ ಜರುಗಿಸಿ. ಸೀಳಿನಲ್ಲಿ ಕಾಣುವುದು ಒಂದು ಚುಕ್ಕೆ. ಅದು ಮೇಲೆ ಕೆಳಗೆ ಮಾತ್ರ ಓಡಾಡುತ್ತದೆ. ಗುಡ್ಡ ಮಾಯ. ಚುಕ್ಕೆ ಮೇಲೆ ಹೋದರೆ ಮನೆಯಿಂದ ದೂರ, ನಿಂತರೆ ನಿಂತ, ಸರ್ರನೆ ಏರಿದರೆ ವೇಗ ಹೆಚ್ಚು.

ಆಮೇಲೆ ಅದೇ ಗೆರೆಯನ್ನು ಹಾಗೇ ಇಟ್ಟುಕೊಂಡು, ಲಂಬ ಅಕ್ಷದ ಹೆಸರನ್ನು ಮಾತ್ರ ‘ವೇಗ’ ಅಂತ ಬದಲಾಯಿಸಿ ಮತ್ತೆ ಕೇಳಿ. ಈಗ ಮಟ್ಟಸ ಭಾಗದಲ್ಲಿ ಅವನು ನಿಂತಿಲ್ಲ, ಒಂದೇ ವೇಗದಲ್ಲಿ ನಡೆಯುತ್ತಿದ್ದಾನೆ. ಇಳಿಯುವ ಭಾಗದಲ್ಲಿ ವಾಪಸ್ಸೂ ಬರುತ್ತಿಲ್ಲ. ವೇಗ ಕಡಿಮೆಯಾಗುತ್ತಿದೆ, ಹೋಗುತ್ತಿರುವುದು ಮುಂದಕ್ಕೇ. ಎಡವುವುದು ಹೆಚ್ಚಾಗಿ ಇಲ್ಲೇ, ಅದಕ್ಕೇ ಎರಡು ಮೂರು ದಿನ ಇದನ್ನೇ ಮಾಡಿಸಿ. ಗೆರೆಯ ಕೆಳಗಿನ ವಿಸ್ತೀರ್ಣದಿಂದ ದೂರ ಕಂಡುಹಿಡಿಯುವ ಲೆಕ್ಕಕ್ಕೆ ಆಮೇಲೆ ಕೈ ಹಾಕಿದರೆ ಸಾಕು.