ಓದುಗರ ಪ್ರಶ್ನೆ: ಅಥೆನ್ಸಿನ ಚೀಟಿಯಂತ್ರ, ರೋಮಿನ ಮತ

ಪ್ರಶ್ನೆ: ಪ್ರಾಚೀನ ಅಥೆನ್ಸಿನಲ್ಲಿ ಚೀಟಿ ಎತ್ತಲು ಕಲ್ಲಿನ ಯಂತ್ರವಿತ್ತಂತೆ. ಅದು ಹೇಗೆ ಕೆಲಸ ಮಾಡುತ್ತಿತ್ತು? ನಮ್ಮ ತರಗತಿಯ 40 ಮಕ್ಕಳಲ್ಲಿ 8 ಜನರ ಸಮಿತಿ ಆರಿಸಲು ಅದರ ಮಾದರಿ ಮಾಡಬಹುದೇ?
– ಪ್ರೌಢಶಾಲಾ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಖಂಡಿತ ಮಾಡಬಹುದು ಮೇಡಂ. ಅದರ ಹೆಸರು ಕ್ಲೆರೊಟೀರಿಯನ್. ನಿಲ್ಲಿಸಿದ ಕಲ್ಲುಚಪ್ಪಡಿ, ಅದರ ಮುಖದಲ್ಲಿ ಸಾಲುಸಾಲಾಗಿ ಸೀಳುಗಳು, ಪಕ್ಕದಲ್ಲಿ ಒಂದು ಕೊಳವೆ. ನ್ಯಾಯಾಲಯ ಸೇರುವ ದಿನ ಬೆಳಿಗ್ಗೆ, ತೀರ್ಪು ಕೊಡುವ ಪಂಚರಾಗಲು ಬಂದವರು ಹೆಸರು ಮತ್ತು ಊರು ಬರೆದ ತಮ್ಮ ಬಿಲ್ಲೆಯನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ಬಿಲ್ಲೆ ಮೊದಮೊದಲು ಕಂಚಿನದು, ಆಮೇಲೆ ಮರದ್ದು. ಪೆಟ್ಟಿಗೆ ಕುಲುಕಿ, ಬಿಲ್ಲೆಗಳನ್ನು ಸೀಳುಗಳಿಗೆ ಸಿಕ್ಕಿಸಿ, ಕೊಳವೆಗೆ ಕಪ್ಪು–ಬಿಳಿ ಗುಂಡು ಸುರಿಯುತ್ತಿದ್ದರು. ಮೊದಲು ಬಿದ್ದ ಗುಂಡು ಮೇಲಿನ ಅಡ್ಡಸಾಲಿಗೆ, ಎರಡನೆಯದು ಅದರ ಕೆಳಗಿನದಕ್ಕೆ. ಬಿಳಿ ಬಿದ್ದರೆ ಇಡೀ ಸಾಲು ಆಯ್ಕೆ, ಕಪ್ಪು ಬಿದ್ದರೆ ಇಡೀ ಸಾಲು ಮನೆಗೆ. ಬಿಲ್ಲೆ ಸಿಕ್ಕಿಸುವವನನ್ನೂ ಆ ದಿನದ ಚೀಟಿಯಲ್ಲೇ ಆರಿಸುತ್ತಿದ್ದರು. ದಿನವೂ ಒಬ್ಬನೇ ಆದರೆ ತನಗೆ ಬೇಕಾದವರನ್ನು ಒಂದೇ ಸಾಲಿನಲ್ಲಿ ಕೂರಿಸಿಯಾನು ಎಂಬ ಎಚ್ಚರ ಅದು. ಇಡೀ ಏರ್ಪಾಡಿನಲ್ಲಿ ನಾನು ಅತ್ಯಂತ ಮೆಚ್ಚುವುದು ಇದನ್ನೇ.

ನಿಮ್ಮ ಮಾದರಿಗೆ 4 ಕಂಬಸಾಲು, 10 ಅಡ್ಡಸಾಲು ಸಾಕು. ಮಕ್ಕಳನ್ನು ಹತ್ತು ಹತ್ತರ ನಾಲ್ಕು ಗುಂಪು ಮಾಡಿ, ಗುಂಪಿಗೊಂದು ಕಂಬಸಾಲು ಕೊಡಿ. 2 ಬಿಳಿ, 8 ಕಪ್ಪು ಗೋಲಿ ಹಾಕಿದರೆ ಎರಡು ಅಡ್ಡಸಾಲು ಗೆಲ್ಲುತ್ತವೆ, ಪ್ರತಿ ಗುಂಪಿನಿಂದ ಇಬ್ಬರು ಬರುತ್ತಾರೆ. ರಟ್ಟು ಬೇಡ, ಮಳೆಗಾಲದಲ್ಲಿ ತೇವ ಎಳೆದು ಉಬ್ಬಿ ಸೀಳು ಬಿಗಿಯುತ್ತದೆ. ತೆಳು ಪ್ಲೈವುಡ್ ಒಳ್ಳೆಯದು. ಗೋಲಿಯ ಬದಲು ಬಣ್ಣ ಬಳಿದ ಅಡಿಕೆ ಹಾಕೋಣವೆಂದು ಮಕ್ಕಳು ಹೇಳಬಹುದು, ಒಪ್ಪಬೇಡಿ. ಒಂದೊಂದೂ ಒಂದೊಂದು ಗಾತ್ರ, ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ.

ಪೈಪು ಒಳಗಿನದು ಕಾಣದಂಥದ್ದಿರಲಿ. ಗೋಲಿ ಸಲೀಸಾಗಿ ಇಳಿಯಬೇಕು, ಆದರೆ ಎರಡು ಅಕ್ಕಪಕ್ಕ ನಿಲ್ಲುವಷ್ಟು ಅಗಲ ಕೂಡದು. ಪೈಪಿನ ಬುಡದಲ್ಲಿ, ಒಂದು ಗೋಲಿಯಷ್ಟೇ ಅಂತರದಲ್ಲಿ ಎರಡು ಗೀರು ಕೊಯ್ದು ಎರಡು ಪ್ಲಾಸ್ಟಿಕ್ ಪಟ್ಟಿ ತೂರಿಸಿ. ಮೇಲಿನ ಪಟ್ಟಿ ಮುಚ್ಚಿ ಕೆಳಗಿನದು ಎಳೆದರೆ ಒಂದೇ ಗೋಲಿ ಬೀಳುತ್ತದೆ. ಕೆಳಗಿನದು ಮುಚ್ಚಿ ಮೇಲಿನದು ತೆಗೆದರೆ ಮುಂದಿನದು ಇಳಿದು ನಿಲ್ಲುತ್ತದೆ. ಎರಡೂ ಒಟ್ಟಿಗೆ ತೆರೆದರೆ ಎಲ್ಲ ಗೋಲಿಯೂ ಸುರಿದು ಆಟ ಕೆಡುತ್ತದೆ. ಮಕ್ಕಳೆಲ್ಲ ಹಾಜರಿರುವ ದಿನವೇ ಮಾಡಿ, ಇಲ್ಲದಿದ್ದರೆ ಕಂಬಸಾಲುಗಳು ಏರುಪೇರಾಗಿ ಕೊನೆಯ ಸಾಲಿನ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಪಂಚಾಯಿತಿ ಚುನಾವಣೆಯಲ್ಲಿ ಸಮ ಮತ ಬಂದರೆ ನಮ್ಮಲ್ಲೂ ಚೀಟಿ ಎತ್ತುತ್ತಾರೆ. ಅಥೆನ್ಸಿನವರು ಸೇನಾಪತಿಯನ್ನೂ ಹೀಗೇ ಆರಿಸುತ್ತಿದ್ದರೇ?
– ಓದುಗರು, ಸಾಗರ

ಉತ್ತರ: ಇಲ್ಲ. ವರ್ಷಕ್ಕೆ 10 ಸೇನಾಪತಿಗಳನ್ನು ಕೈ ಎತ್ತಿಸಿ ಆರಿಸುತ್ತಿದ್ದರು, ಒಬ್ಬನೇ ಮತ್ತೆ ಮತ್ತೆ ಗೆಲ್ಲಬಹುದಿತ್ತು. ನೀರಿನ ಬುಗ್ಗೆಗಳ ಮೇಲ್ವಿಚಾರಕನನ್ನೂ ಹಾಗೆಯೇ. ಪರಿಣತಿ ಬೇಕಾದ ಕೆಲಸವನ್ನು ಅವರು ಅದೃಷ್ಟಕ್ಕೆ ಬಿಡಲಿಲ್ಲ. 500 ಜನರ ಸಲಹಾಸಭೆಗಾದರೆ ಚೀಟಿ: 30 ದಾಟಿದ ಗಂಡಸು ಜೀವಮಾನದಲ್ಲಿ ಎರಡೇ ಬಾರಿ ಕೂರಬಹುದಿತ್ತು. ಚೀಟಿಯಲ್ಲಿ ಹೆಸರು ಬಂದರೂ ಅಧಿಕಾರಕ್ಕೆ ಮುನ್ನ ಅರ್ಹತೆಯ ವಿಚಾರಣೆ, ಅವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸುವುದು ತಪ್ಪುತ್ತಿರಲಿಲ್ಲ. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಇದ್ಯಾವುದೂ ಇರಲಿಲ್ಲ.

ಪ್ರಶ್ನೆ: ರೋಮಿನಲ್ಲಿ ಬಡ ಪ್ರಜೆಗೂ ಮತವಿತ್ತು. ಆದರೂ ಸಿರಿವಂತರ ಮಾತೇ ಹೇಗೆ ನಡೆಯುತ್ತಿತ್ತು?
– ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ರೋಮಿನ ಅತ್ಯುನ್ನತ ಅಧಿಕಾರಿಗಳಾದ ಕಾನ್ಸಲ್‌ಗಳನ್ನು ಆರಿಸುವ ಸಭೆಯಲ್ಲಿ ತಲೆ ಎಣಿಸುತ್ತಿರಲಿಲ್ಲ, ಗುಂಪು ಎಣಿಸುತ್ತಿದ್ದರು. ಒಟ್ಟು 193 ಗುಂಪು, ಬಹುಮತಕ್ಕೆ 97. ಹಳೆಯ ಏರ್ಪಾಡಿನಲ್ಲಿ ಕುದುರೆಸವಾರರದ್ದು 18, ಅತಿ ಸಿರಿವಂತ ವರ್ಗದ್ದು 80. ಇವರಿಬ್ಬರೂ ಒಂದಾದರೆ 98, ಅಲ್ಲಿಗೇ ಮತದಾನ ನಿಂತಿತು. ಆಸ್ತಿಯಿಲ್ಲದವರು ಎಷ್ಟೇ ಸಾವಿರವಿದ್ದರೂ ಅವರೆಲ್ಲರಿಗೂ ಸೇರಿ ಒಂದೇ ಗುಂಪು, ಅದೂ ಕಟ್ಟಕಡೆಗೆ.

ಮತವನ್ನು ಬಾಯಲ್ಲೇ ಹೇಳಬೇಕಿದ್ದುದರಿಂದ ಒಡೆಯನ ಮುಂದೆ ಎದುರಾಡುವುದೂ ಕಷ್ಟವಿತ್ತು. ಕ್ರಿ.ಪೂ. 139ರಲ್ಲಿ ಚುನಾವಣೆಗೆ ಬರೆದು ಹಾಕುವ ಗುಪ್ತಮತ ಬಂತು. ಆದರೂ ಮತದಾರ ಹಾದುಹೋಗುವ ಹಲಗೆಸೇತುವೆಯ ಮೇಲೆ ಪ್ರಬಲರ ಕಡೆಯವರು ನಿಂತು ಇಣುಕುತ್ತಿದ್ದರು. ಕ್ರಿ.ಪೂ. 119ರಲ್ಲಿ ಟ್ರಿಬ್ಯೂನ್ (ಜನಸಾಮಾನ್ಯರ ಪರವಾದ ಅಧಿಕಾರಿ) ಆಗಿದ್ದ ಮಾರಿಯುಸ್ ಕಾನೂನು ತಂದು ಆ ಸೇತುವೆಯನ್ನೇ ಕಿರಿದಾಗಿಸಿದ.